ಹುತ್ತದ ಅಣಬೆಯೂ ಅದನ್ನು ಹೋಲುವ ವಿಷದ ಅಣಬೆಗಳೂ

ಮುಂಗಾರಿನ ನಾಲ್ಕಾರು ಹದವಾದ ಮಳೆಗಳು ಬಿದ್ದು ನೆಲವು ಚೆನ್ನಾಗಿ ನೆನೆದು, ನಡುವೆ ಎರಡು ಮೂರು ದಿನ ಬಿಸಿಲು ಕಾದು, ಮರಳಿ ಮೋಡ ಕವಿದಾಗ ಹೊಲದ ಒಡ್ಡುಗಳ ಮೇಲೂ ಬೇವಿನ ಗಿಡಗಳ ಬುಡದಲ್ಲಿಯೂ ಹುತ್ತಗಳ ಸುತ್ತಲೂ ರಾತ್ರಿ ಬೆಳಗಾಗುವುದರೊಳಗೆ ಅಣಬೆಗಳು ಏಳುತ್ತವೆ. ಇವುಗಳಲ್ಲಿ ಹುತ್ತದ ಅಣಬೆಯು ರುಚಿಯಲ್ಲಿಯೂ ಪುಷ್ಟಿಯಲ್ಲಿಯೂ ಶ್ರೇಷ್ಠವಾದುದೆಂದು ಹಿಂದಿನಿಂದಲೂ ಜನರು ಬಲ್ಲರು. ಆದರೆ ಅದೇ ದಿನಗಳಲ್ಲಿ, ಅದೇ ಒಡ್ಡಿನ ಮೇಲೆ, ಬಹುಮಟ್ಟಿಗೆ ಅದೇ ರೂಪದಿಂದ ಏಳುವ ಬೇರೆ ಅಣಬೆಗಳೂ ಉಂಟು. ಅವುಗಳಲ್ಲಿ ಕೆಲವು ನಿರುಪದ್ರವಿಗಳು, ಕೆಲವು ವಾಂತಿಭೇದಿಗಳನ್ನುಂಟುಮಾಡುವವು, ಕೆಲವು ಪ್ರಾಣವನ್ನೇ ತೆಗೆಯುವವು. ಒಂದನ್ನು ಮತ್ತೊಂದರಿಂದ ಬೇರ್ಪಡಿಸುವ ಗುರುತುಗಳನ್ನು ಪ್ರತಿಯೊಂದು ಗ್ರಾಮದಲ್ಲಿಯೂ ನಾಲ್ಕು ಜನರಾದರೂ ನಿಶ್ಚಯವಾಗಿ ತಿಳಿದಿರುವುದು ಅವಶ್ಯ.

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲೂಕಿನ ನಿಡೋಣಿಯಂಥ ಊರುಗಳಲ್ಲಿ ಈ ತಿಳಿವಳಿಕೆಯ ಅವಶ್ಯಕತೆಯು ಮಲೆನಾಡಿಗಿಂತಲೂ ಹೆಚ್ಚಾಗಿದೆಯೆಂದರೆ ಓದುವವರಿಗೆ ಆಶ್ಚರ್ಯವಾಗಬಹುದು. ಕಾರಣವು ಸರಳವಾಗಿದೆ. ಮಲೆನಾಡಿನ ಒಕ್ಕಲಿಗನು ಮಳೆಗಾಲವೆಲ್ಲವೂ ಹತ್ತಾರು ಬಗೆಯ ಅಣಬೆಗಳನ್ನು ಕಂಡು, ಹಿರಿಯರ ಜೊತೆಯಲ್ಲಿ ಅಡವಿಗೆ ಹೋಗಿ, ಕಣ್ಣನ್ನು ಪಳಗಿಸಿಕೊಂಡಿರುತ್ತಾನೆ. ಬಯಲುಸೀಮೆಯಲ್ಲಿ ಮಳೆಯು ಅಲ್ಪ. ಅಣಬೆಗಳು ಏಳುವುದು ವರ್ಷದಲ್ಲಿ ಕೆಲವೇ ದಿನ. ಒಂದೊಂದು ವರ್ಷ ಏಳುವುದೇ ಇಲ್ಲ. ಹೀಗೆ ಅಪರೂಪಕ್ಕೆ ಕಾಣುವ ವಸ್ತುವಿನ ವಿಷಯದಲ್ಲಿ ಆಸೆಯು ದೊಡ್ಡದಾಗಿಯೂ ಅನುಭವವು ಚಿಕ್ಕದಾಗಿಯೂ ಇರುವುದು ಸಹಜ. ಇದರ ಮೇಲೆ, ಈ ಜಿಲ್ಲೆಯಿಂದ ಅನೇಕ ಕುಟುಂಬಗಳು ದುಡಿಮೆಗಾಗಿ ಗೋವೆಗೂ ಮಹಾರಾಷ್ಟ್ರಕ್ಕೂ ಹೋಗಿಬರುತ್ತವೆ. ಒಂದು ಸೀಮೆಯಲ್ಲಿ ತಿಂದು ಕಲಿತ ಅಣಬೆಯ ನೆನಪಿನಿಂದ ಮತ್ತೊಂದು ಸೀಮೆಯಲ್ಲಿ ಅದರಂತೆ ಕಾಣುವುದನ್ನು ಕಿತ್ತು ತರುವುದರಿಂದಲೇ ಪ್ರಪಂಚದ ಅನೇಕ ಕಡೆ ಅನಾಹುತಗಳಾಗಿವೆ. ೨೦೧೧ನೆಯ ವರ್ಷದ ಕಡೆಯ ರಾತ್ರಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ಚೀನಾ ಮೂಲದ ಅಡಿಗೆಯವನೊಬ್ಬನು ಓಕ್ ಮರಗಳ ಕೆಳಗಿನ ಅಣಬೆಗಳನ್ನು ತನ್ನ ನಾಡಿನ ಹುಲ್ಲಣಬೆಯೆಂದು ತಿಳಿದು ಅಟ್ಟು ಬಡಿಸಿದನು. ಅವನೂ ಅವನೊಡನೆ ಉಂಡ ಒಬ್ಬ ಹೆಂಗಸೂ ಕೆಲವು ದಿನಗಳಲ್ಲಿಯೇ ತೀರಿಕೊಂಡರು. ಅಡಿಗೆಯಲ್ಲಿ ನುರಿತವನ ಕಣ್ಣೇ ಹೀಗೆ ಮೋಸಹೋದ ಮೇಲೆ ಉಳಿದವರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ವಿವರಿಸಬೇಕಾದುದಿಲ್ಲ.

ಹುತ್ತಕ್ಕೂ ಅಣಬೆಗೂ ಇರುವ ಸಂಬಂಧ

ಅಣಬೆಯು ಬೂಸ್ಟಿನ ಜಾತಿಗೆ ಸೇರಿದ ಜೀವ. ಇದರ ನಿಜವಾದ ದೇಹವು ನೂಲಿನ ಎಳೆಗಳಂತೆ ನೆಲದೊಳಗೆ ಅಡಗಿರುತ್ತದೆ. ನಾವು ಕಾಣುವ ಕೊಡೆಯು ಅದರ ಫಲ ಮಾತ್ರ. ಮಾವಿನ ಗಿಡಕ್ಕೆ ಹಣ್ಣು ಹೇಗೋ ಬೂಸ್ಟಿಗೆ ಕೊಡೆಯು ಹಾಗೆ. ಇದಕ್ಕೆ ಹಸುರು ಬಣ್ಣವಿಲ್ಲದುದರಿಂದ ಬಿಸಿಲಿನಿಂದ ಆಹಾರವನ್ನು ತಯಾರಿಸಿಕೊಳ್ಳಲಾರದು. ಕೊಳೆತ ಕಸ, ಕಟ್ಟಿಗೆ, ಗೊಬ್ಬರ ಅಥವಾ ಜೀವಂತ ಗಿಡಗಳ ಬೇರುಗಳ ಆಸರೆಯಿಂದ ಬದುಕುತ್ತದೆ.

ಹುತ್ತದ ಅಣಬೆಯ ಸಂಸಾರವು ಇವೆಲ್ಲಕ್ಕಿಂತಲೂ ವಿಚಿತ್ರವಾದುದು. ಗೆದ್ದಲುಗಳಲ್ಲಿ, ಎಂದರೆ ಒರಲೆಗಳಲ್ಲಿ, ಒಂದು ಪಂಗಡದವು ಒಕ್ಕಲುತನ ಮಾಡುತ್ತವೆ. ನಮ್ಮ ಹೊಲಗಳಲ್ಲಿ ಹುತ್ತವನ್ನು ಎಬ್ಬಿಸುವ ಒರಲೆಗಳು ಈ ಪಂಗಡದವೇ. ಒಣ ಹುಲ್ಲು, ಎಲೆ, ಕಟ್ಟಿಗೆಗಳನ್ನು ಕತ್ತರಿಸಿ ತಿಂದು ಗೂಡಿಗೆ ತಂದು, ತಮ್ಮ ಹಿಕ್ಕೆಯಿಂದ ಸ್ಪಂಜಿನಂತೆ ತೂತುತೂತಾದ ಕಂದುಬಣ್ಣದ ಗಡ್ಡೆಗಳನ್ನು ಕಟ್ಟುತ್ತವೆ. ಹುತ್ತವನ್ನು ಅಗೆದವರೆಲ್ಲರೂ ಒಳಗಿನ ಕೋಣೆಗಳಲ್ಲಿ ಇವನ್ನು ಕಂಡಿರುತ್ತಾರೆ. ಈ ಗಡ್ಡೆಗಳ ಮೇಲೆ ಒರಲೆಗಳು ಒಂದು ಬೂಸ್ಟನ್ನು ಬೆಳೆಸುತ್ತವೆ. ಸಾಸಿವೆಯಷ್ಟು ಸಣ್ಣ ಬಿಳಿಯ ಕಾಳುಗಳಂತೆ ಅದು ಗಡ್ಡೆಯ ಮೇಲೆ ಕಾಣಿಸುತ್ತದೆ. ಕಟ್ಟಿಗೆಯ ಗಟ್ಟಿಯಾದ ಅಂಶವನ್ನು ಬೂಸ್ಟು ಮೆತ್ತಗೆ ಮಾಡಿಕೊಡುತ್ತದೆ. ಒರಲೆಗಳು ಬೂಸ್ಟನ್ನೂ ಹಳೆಯ ಗಡ್ಡೆಯನ್ನೂ ತಿಂದು ಬದುಕುತ್ತವೆ. ಮನುಷ್ಯನು ನೇಗಿಲನ್ನು ಹಿಡಿಯುವುದಕ್ಕೆ ಲಕ್ಷಾಂತರ ವರ್ಷಗಳ ಮುಂಚಿನಿಂದಲೂ ಈ ಸಾಗುವಳಿಯು ನಡೆದುಬಂದಿದೆ.

ಮಳೆಯು ನೆಲವನ್ನು ನೆನೆಸಿದಾಗ ಈ ಬೂಸ್ಟು ಗಡ್ಡೆಯಿಂದ ಒಂದು ಮೊಳಕೆಯನ್ನು ಮೇಲಕ್ಕೆ ಕಳುಹಿಸುತ್ತದೆ. ಅದು ಗಟ್ಟಿಯಾದ ಮೊನೆಯಿಂದ ಮಣ್ಣನ್ನು ಭೇದಿಸಿಕೊಂಡು ಬಂದು ನೆಲದ ಮೇಲೆ ಕೊಡೆಯನ್ನು ಬಿಚ್ಚುತ್ತದೆ. ಇದೇ ಹುತ್ತದ ಅಣಬೆ. ಫ್ರಾನ್ಸಿನ ಶಾಸ್ತ್ರಜ್ಞ ರೋಜೇ ಹೈಮ್ ಎಂಬವರು ೧೯೪೨ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟರು. ದಕ್ಷಿಣ ಹಿಂದುಸ್ತಾನದ ಒಂದು ಜಾತಿಗೆ ೧೯೭೯ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಆಫ್ರಿಕಾ ಖಂಡದ ಜಾಂಬಿಯಾ ದೇಶದಲ್ಲಿ ಇದೇ ಕುಲದ ಒಂದು ಜಾತಿಯ ಕೊಡೆಯು ಮೂರು ಅಡಿಗಳಷ್ಟು ಅಗಲವಾಗುವುದುಂಟು. ಚಿಪ್ಪಣಬೆ, ಹಾಲಣಬೆಗಳಂತೆ ಇದನ್ನು ಮನೆಯಲ್ಲಿ ಬೆಳೆಸಿ ಮಾರುವ ಉಪಾಯವು ಈವರೆಗೆ ಯಾರಿಗೂ ಸಾಧ್ಯವಾಗಿಲ್ಲ. ಒರಲೆಯಿಲ್ಲದೆ ಈ ಬೆಳೆಯಿಲ್ಲ.

ಆಳವಾದ ಎರೆಯ ಭೂಮಿಯು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುವುದರಿಂದ ಅದರಲ್ಲಿ ಹುತ್ತಗಳು ಕಡಿಮೆ. ಮಡ್ಡಿ, ಮಸಾರಿ, ಹಳೆಯ ಒಡ್ಡು, ಬೇಲಿಯ ಸಾಲು, ಹಳ್ಳದ ದಂಡೆ ಇವು ಒರಲೆಗಳಿಗೆ ಮೆಚ್ಚಿನ ಸ್ಥಳಗಳು. ಕೆಲವು ಒರಲೆಗಳ ಗೂಡು ಪೂರ್ತಿಯಾಗಿ ನೆಲದೊಳಗೆ ಇದ್ದು ಮೇಲೆ ಹುತ್ತವೇ ಕಾಣುವುದಿಲ್ಲವೆಂಬುದನ್ನು ಲಕ್ಷ್ಯದಲ್ಲಿಡಬೇಕು. ಆದುದರಿಂದ ಹುತ್ತದ ಪಕ್ಕದಲ್ಲಿ ಎದ್ದದ್ದೆಲ್ಲವೂ ಹುತ್ತದ ಅಣಬೆಯಲ್ಲ. ಸಮನೆಲದಲ್ಲಿ ಎದ್ದದ್ದು ಹುತ್ತದ ಅಣಬೆಯಲ್ಲವೆಂದೂ ಹೇಳಲಾಗದು. ನೋಡಬೇಕಾದದ್ದು ಸ್ಥಳವನ್ನಲ್ಲ, ಬೇರನ್ನು.

ಹುತ್ತದ ಅಣಬೆಯ ಲಕ್ಷಣಗಳು

ಈ ಕೆಳಗಿನ ಐದು ಗುರುತುಗಳೂ ಒಟ್ಟಿಗೆ ಕೂಡಿಬಂದಾಗ ಮಾತ್ರ ಒಂದು ಅಣಬೆಯನ್ನು ಹುತ್ತದ ಅಣಬೆಯೆಂದು ಒಪ್ಪತಕ್ಕದ್ದು. ನಾಲ್ಕು ಇದ್ದು ಒಂದು ತಪ್ಪಿದರೂ ಅದನ್ನು ಬಿಡತಕ್ಕದ್ದು.

೧. ಹುಸಿಬೇರು. ದಂಟು ನೆಲದ ಮಟ್ಟದಲ್ಲಿ ಮುಗಿಯುವುದಿಲ್ಲ. ಮೂಲಂಗಿಯ ಬಾಲದಂತೆ ಕ್ರಮೇಣ ಸಣ್ಣಗಾಗುತ್ತ ಒಂದು ಗೇಣಿನಿಂದ ಒಂದು ಮೊಳ, ಕೆಲವು ಸಲ ಅದಕ್ಕೂ ಹೆಚ್ಚಾಗಿ ಕೆಳಗಿಳಿದು ಒರಲೆಯ ಕೋಣೆಯೊಳಗಿನ ಸ್ಪಂಜಿನ ಗಡ್ಡೆಯನ್ನು ಮುಟ್ಟುತ್ತದೆ. ಕೈಯಿಂದ ಜಗ್ಗಿದರೆ ಈ ಬೇರು ನಡುವೆಯೇ ಹರಿಯುತ್ತದೆ. ಆಗ ಗುರುತು ಕೈತಪ್ಪಿತು. ಆದಕಾರಣ ಕುರ್ಚಿಗೆಯಿಂದ ಒಂದು ಬದಿಯ ಮಣ್ಣನ್ನು ಮೆಲ್ಲಗೆ ಬಿಡಿಸುತ್ತ ಕಡೆಯವರೆಗೂ ಹೋಗಬೇಕು. ಬೇರಿನ ತುದಿಯು ಗಡ್ಡೆಗೆ ಅಂಟಿರುವುದನ್ನು ಕಣ್ಣಾರೆ ಕಂಡರೆ ಅದಕ್ಕಿಂತ ದೊಡ್ಡ ಪ್ರಮಾಣವಿಲ್ಲ.

೨. ಮೊನೆ. ಕೊಡೆಯ ನಡುವೆ ಮಣ್ಣನ್ನು ಒಡೆದು ಬಂದ ಗಟ್ಟಿಯಾದ ಮೊನೆಯಿರುತ್ತದೆ. ಇದು ಸುತ್ತಲಿನ ಭಾಗಕ್ಕಿಂತ ಕಪ್ಪಾಗಿರುತ್ತದೆ. ಮೊನೆಯಿಂದ ಅಂಚಿನ ಕಡೆಗೆ ರೇಷ್ಮೆಯ ಎಳೆಗಳಂಥ ಗೆರೆಗಳು ಇಳಿದಿರುತ್ತವೆ. ಬಲಿತ ಕೊಡೆಯ ಅಂಚು ಅಲ್ಲಲ್ಲಿ ಸೀಳುತ್ತದೆ.

೩. ಪದರುಗಳು. ಕೊಡೆಯ ಕೆಳಗಿನ ಪದರುಗಳು ಮೊದಲು ಬಿಳಿದು, ಬಲಿತಂತೆ ನಸುಗೆಂಪು. ಅವು ದಂಟನ್ನು ಮುಟ್ಟದೆ ಸ್ವಲ್ಪ ದೂರದಲ್ಲಿಯೇ ನಿಲ್ಲುತ್ತವೆ.

೪. ಬುಡದಲ್ಲಿ ಚೀಲವಿಲ್ಲದಿರುವುದು. ಮೊಟ್ಟೆಯ ಒಡೆದ ಚಿಪ್ಪಿನಂತೆ ದಂಟಿನ ಬುಡವನ್ನು ಸುತ್ತಿಕೊಂಡ ಚೀಲವು ಹುತ್ತದ ಅಣಬೆಗೆ ಎಂದಿಗೂ ಇರುವುದಿಲ್ಲ. ಕೊಡೆಯ ಮೇಲೆ ಸುಲಭವಾಗಿ ಉದುರುವ ಚಕ್ಕೆಗಳೂ ಇರುವುದಿಲ್ಲ. ದಂಟಿನ ಮೇಲೆ ಬಳೆಯು ಕೆಲವು ಜಾತಿಗಳಲ್ಲಿ ಉಂಟು, ಹಲವು ಜಾತಿಗಳಲ್ಲಿ ಇಲ್ಲ. ಆದುದರಿಂದ ಬಳೆಯೊಂದರಿಂದಲೇ ಏನನ್ನೂ ನಿಶ್ಚಯಿಸಕೂಡದು.

೫. ಬೀಜಾಣುಗಳ ಬಣ್ಣ. ಇದು ನಸುಗೆಂಪು. ಇದನ್ನು ಕಾಣುವ ರೀತಿಯನ್ನು ಮುಂದೆ ಹೇಳಿದೆ.

ಇದೇ ಕುಲದಲ್ಲಿ ಒಂದು ಅಂಗುಲಕ್ಕಿಂತಲೂ ಚಿಕ್ಕದಾದ ಕೊಡೆಯುಳ್ಳ ಜಾತಿಯೊಂದುಂಟು. ಒರಲೆಗಳು ಗೂಡಿನಿಂದ ಹೊರಗೆ ಹಾಕಿದ ಗಡ್ಡೆಯ ಚೂರುಗಳ ಮೇಲೆ ಇದು ಅರಳು ಚೆಲ್ಲಿದಂತೆ ನೂರಾರು ಸಂಖ್ಯೆಯಲ್ಲಿ ಏಳುತ್ತದೆ. ಇದಕ್ಕೆ ಉದ್ದವಾದ ಹುಸಿಬೇರು ಇರುವುದಿಲ್ಲ. ತಿನ್ನಲು ಯೋಗ್ಯವಾದುದಾದರೂ ಅತ್ಯಂತ ದೊಡ್ಡ ಗುರುತೇ ಇದಕ್ಕಿಲ್ಲದುದರಿಂದಲೂ, ನೂರಾರು ಸಣ್ಣ ಕೊಡೆಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಆಗದ ಮಾತಾದುದರಿಂದಲೂ ಅನುಭವವಿಲ್ಲದವರು ಇದನ್ನು ಮುಟ್ಟದಿರುವುದೇ ಲೇಸು.

ಬೀಜಾಣುಗಳ ಬಣ್ಣವನ್ನು ನೋಡುವ ರೀತಿ

ಅಣಬೆಯ ಬೀಜಾಣುಗಳು ಕಣ್ಣಿಗೆ ಕಾಣದಷ್ಟು ಸಣ್ಣವು; ಆದರೆ ಅವು ರಾಶಿಯಾಗಿ ಬಿದ್ದಾಗ ಅವುಗಳ ಬಣ್ಣವು ಚೆನ್ನಾಗಿ ತೋರುತ್ತದೆ. ಪೂರ್ತಿಯಾಗಿ ಬಿಚ್ಚಿದ ಒಂದು ಕೊಡೆಯ ದಂಟನ್ನು ಕತ್ತರಿಸಿ ತೆಗೆಯಬೇಕು. ಅರ್ಧ ಬಿಳಿಯ ಅರ್ಧ ಕರಿಯ ಕಾಗದವನ್ನು ಹಾಸಿ ಅದರ ಮೇಲೆ ಪದರುಗಳು ಕೆಳಮುಖವಾಗುವಂತೆ ಕೊಡೆಯನ್ನಿಟ್ಟು ಗಾಳಿಯಾಡದಂತೆ ಬಟ್ಟಲನ್ನು ಮುಚ್ಚಿಡಬೇಕು. ಸಂಜೆಗೆ ಇಟ್ಟರೆ ಬೆಳಗಿನ ಹೊತ್ತಿಗೆ ಕಾಗದದ ಮೇಲೆ ಪದರುಗಳ ಗೆರೆಗಳಂತೆ ಪುಡಿಯು ಬಿದ್ದಿರುತ್ತದೆ. ಬಿಳಿಯ ಪುಡಿಯು ಕರಿಯ ಅರ್ಧದಲ್ಲಿಯೂ ಬಣ್ಣದ ಪುಡಿಯು ಬಿಳಿಯ ಅರ್ಧದಲ್ಲಿಯೂ ಸ್ಪಷ್ಟವಾಗಿ ಕಾಣುವುದು.

ಹುತ್ತದ ಅಣಬೆಯ ಪುಡಿಯು ನಸುಗೆಂಪು. ಹಸುರುಪುಡಿಯ ಅಣಬೆಯದು ಹಸುರು. ಚೀಲದ ಬುಡದ ಮಾರಕ ಅಣಬೆಗಳದು ಬಿಳಿದು. ಹುಲ್ಲುಗಾವಲಿನ ಗುಂಡಿಯಣಬೆಯದು ಕಗ್ಗಂದು. ತಿಪ್ಪೆಯ ಮಸಿಯಣಬೆಯದು ಕಪ್ಪು. ಈ ಪರೀಕ್ಷೆಯು ಒಂದು ರಾತ್ರಿಯನ್ನು ಬೇಡುತ್ತದೆ, ನಿಜ. ಅಷ್ಟರೊಳಗೆ ಉಳಿದ ಅಣಬೆಗಳು ಬಾಡಬಹುದು. ಆದುದರಿಂದ ಒಂದು ಸ್ಥಳದಲ್ಲಿ ಮೊದಲನೆಯ ಸಲ ಎದ್ದ ಅಣಬೆಯನ್ನು ಪರೀಕ್ಷೆಗೇ ಮೀಸಲಿಟ್ಟು, ಆ ಸ್ಥಳವನ್ನು ಗುರುತು ಮಾಡಿಟ್ಟುಕೊಂಡು, ಮುಂದಿನ ಮಳೆಯಲ್ಲಿ ಅಲ್ಲಿಯೇ ಏಳುವುದನ್ನು ಮರಳಿ ನೋಡಿ ಉಪಯೋಗಿಸುವುದು ಜಾಣತನ. ಗೂಡು ಜೀವಂತವಾಗಿರುವವರೆಗೂ ಹುತ್ತದ ಅಣಬೆಯು ಆ ಸ್ಥಳದಲ್ಲಿ ಮೇಲಿಂದ ಮೇಲೆ ಏಳುವುದುಂಟು.

ಹೋಲಿಕೆಯ ಅಣಬೆಗಳು

ಹಸುರುಪುಡಿಯ ಅಣಬೆ. ಉಷ್ಣದೇಶಗಳಲ್ಲಿ ಅತ್ಯಂತ ಹೆಚ್ಚಾಗಿ ಜನರನ್ನು ಮೋಸಗೊಳಿಸುವ ಅಣಬೆಯಿದು. ಶಾಸ್ತ್ರದಲ್ಲಿ ಕ್ಲೋರೋಫಿಲ್ಲಮ್ ಮೊಲಿಬ್ಡೈಟಿಸ್ ಎನ್ನುತ್ತಾರೆ. ಗೊಬ್ಬರ ತಿಂದ ಹುಲ್ಲುನೆಲ, ತೋಟದ ಅಂಚು, ದನ ಕಟ್ಟುವ ಬಯಲು ಇದರ ವಾಸ; ಒಮ್ಮೊಮ್ಮೆ ದೊಡ್ಡ ವೃತ್ತಾಕಾರವಾಗಿ ಏಳುತ್ತದೆ. ಏತ ನೀರಾವರಿಯಿಂದ ನೀರು ಬಂದು ದ್ರಾಕ್ಷಿ, ನಿಂಬೆ, ದಾಳಿಂಬೆಯ ತೋಟಗಳು ಎದ್ದಿರುವ ಹಳ್ಳಿಗಳಲ್ಲಿ ಇಂಥ ತೇವದ ನೆಲವು ಹಿಂದಿಗಿಂತ ಹೆಚ್ಚಾಗಿದೆಯೆಂಬುದನ್ನು ನೆನಪಿನಲ್ಲಿಡಬೇಕು. ಕೊಡೆಯು ನಾಲ್ಕರಿಂದ ಹನ್ನೆರಡು ಅಂಗುಲಗಳವರೆಗೆ ಅಗಲವಾಗಿ, ಬಿಳಿದಾಗಿ, ನಡುವೆ ಕಂದುಬಣ್ಣದ ಚಕ್ಕೆಗಳಿಂದ ಕೂಡಿರುತ್ತದೆ. ದಂಟಿನ ಮೇಲೆ ದಪ್ಪವಾದ, ಮೇಲೆ ಕೆಳಗೆ ಸರಿಸಬಹುದಾದ ಬಳೆಯಿರುತ್ತದೆ. ಬುಡವು ಗಡ್ಡೆಯಂತೆ ದಪ್ಪಗಾಗಿ ಅಲ್ಲಿಯೇ ಮುಗಿಯುತ್ತದೆ, ಹುಸಿಬೇರಿಲ್ಲ. ಪದರುಗಳು ಬಹಳ ಹೊತ್ತಿನವರೆಗೆ ಬಿಳಿದಾಗಿಯೇ ಇದ್ದು ಪೂರ್ಣ ಬಲಿತ ಮೇಲೆ ಬೂದಿಹಸುರಾಗುತ್ತವೆ. ಇದರ ಮೋಸವೆಲ್ಲವೂ ಇಲ್ಲಿಯೇ ಇದೆ: ಎಳೆಯದನ್ನು ಕಿತ್ತವನಿಗೆ ಹಸುರು ಕಾಣುವುದೇ ಇಲ್ಲ. ಆದಕಾರಣ ಬಿಚ್ಚದ ಮೊಗ್ಗುಗಳನ್ನು ಎಂದಿಗೂ ಆರಿಸಿ ತರಕೂಡದು. ತಿಂದ ಒಂದರಿಂದ ಮೂರು ಗಂಟೆಗಳೊಳಗಾಗಿ ಘೋರವಾದ ವಾಂತಿಭೇದಿಗಳಾಗುತ್ತವೆ. ಸಾಧಾರಣವಾಗಿ ದೃಢಕಾಯರು ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೂ ವೃದ್ಧರಿಗೂ ನೀರಿನ ಅಂಶ ಬತ್ತಿ ಪ್ರಾಣಕ್ಕೆ ಸಂಚಕಾರ ಬರಬಹುದು.

ಚೀಲದ ಬುಡದ ಅಣಬೆಗಳು. ಇವು ಅಮಾನಿಟಾ ಕುಲದವು. ಅಣಬೆಯ ವಿಷದಿಂದಾಗುವ ಮರಣಗಳಲ್ಲಿ ಹೆಚ್ಚಿನ ಪಾಲು ಈ ಕುಲದ ಕೆಲವು ಜಾತಿಗಳಿಂದಲೇ ಆಗುತ್ತದೆ. ಗುರುತುಗಳು ಮೂರು: ಬುಡದಲ್ಲಿ ಚೀಲ, ದಂಟಿನಲ್ಲಿ ಬಳೆ, ಬಿಳಿಯ ಪುಡಿ. ಚೀಲವು ಮಣ್ಣಿನಲ್ಲಿ ಹುದುಗಿರುವುದರಿಂದ ದಂಟನ್ನು ನೆಲದ ಮಟ್ಟಕ್ಕೆ ಕತ್ತರಿಸುವವನು ಪ್ರಾಣಾಪಾಯದ ಗುರುತನ್ನು ನೆಲದಲ್ಲಿಯೇ ಬಿಟ್ಟುಬರುತ್ತಾನೆ. ಈ ಕುಲದವು ಬಹುಮಟ್ಟಿಗೆ ಕೆಲವು ಜಾತಿಯ ಮರಗಳ ಬೇರುಗಳೊಡನೆ ಕೂಡಿ ಬಾಳುವವು; ಆದುದರಿಂದ ಸಹ್ಯಾದ್ರಿಯ ಅಡವಿಗಳಲ್ಲಿಯೂ ನೆಡುತೋಪುಗಳಲ್ಲಿಯೂ ಇವುಗಳ ಭಯ ಹೆಚ್ಚು, ಬಯಲಿನ ಎರೆಯಲ್ಲಿ ಕಡಿಮೆ. ಆದರೆ ಕಡಿಮೆಯೆಂದರೆ ಇಲ್ಲವೆಂದಲ್ಲ. ದುಡಿಮೆಗಾಗಿ ಘಟ್ಟದ ಕಡೆಗೆ ಹೋಗುವವರಿಗೆ ಈ ಗುರುತನ್ನು ತಪ್ಪದೆ ತಿಳಿಸಬೇಕು.

ಸಣ್ಣ ಚಕ್ಕೆಯ ಅಣಬೆಗಳು. ಲೆಪಿಯೋಟಾ ಕುಲದ ಈ ಅಣಬೆಗಳು ಹುಲ್ಲಿನಲ್ಲಿಯೂ ತೋಟಗಳಲ್ಲಿಯೂ ಏಳುತ್ತವೆ. ಕೊಡೆಯು ಒಂದೆರಡು ಅಂಗುಲ, ಮೇಲೆ ಕಂದು ಚಕ್ಕೆಗಳು, ಪುಡಿ ಬಿಳಿದು, ಚೀಲವಿಲ್ಲ. ಇವುಗಳಲ್ಲಿ ಕೆಲವು ಜಾತಿಗಳಲ್ಲಿ ಅಮಾನಿಟಾದಲ್ಲಿರುವ ವಿಷವೇ ಇದೆ. ಮರಗಳ ನೆರವು ಇವುಗಳಿಗೆ ಬೇಕಿಲ್ಲದುದರಿಂದ ಬಯಲಿನಲ್ಲಿಯೂ ಇವುಗಳ ವಿಷಯದಲ್ಲಿ ಜಾಗರೂಕರಾಗಿರಬೇಕು. ಮೇಲೆ ಹೇಳಿದ ಅರಳಿನಂಥ ಚಿಕ್ಕ ಹುತ್ತದ ಅಣಬೆಯನ್ನು ಬಿಡಬೇಕೆಂದದ್ದಕ್ಕೆ ಇದೂ ಒಂದು ಕಾರಣ.

ಕೆಂಪುಪುಡಿಯ ಇತರ ಅಣಬೆಗಳು. ಬೀಜಾಣುಗಳ ಪುಡಿಯು ನಸುಗೆಂಪಾದ ಮಾತ್ರಕ್ಕೆ ಹುತ್ತದ ಅಣಬೆಯಾಗಲಿಲ್ಲ. ಎಂಟೋಲೋಮಾ ಎಂಬ ಕುಲದ ಪುಡಿಯೂ ಕೆಂಪೇ. ಅದರಲ್ಲಿ ಹೊಟ್ಟೆಯನ್ನು ಕೆಡಿಸುವ ಜಾತಿಗಳಿವೆ. ಅದರ ಪದರುಗಳು ದಂಟಿಗೆ ಅಂಟಿರುತ್ತವೆ, ಹುಸಿಬೇರಿರುವುದಿಲ್ಲ. ಕೊಳೆತ ಹುಲ್ಲಿನ ಮೇಲೆ ಏಳುವ ಹುಲ್ಲಣಬೆಯ ಪುಡಿಯೂ ಕೆಂಪು. ಅದು ತಿನ್ನತಕ್ಕದ್ದಾದರೂ ಬುಡದಲ್ಲಿ ಚೀಲವಿದೆ. ಚೀಲವುಳ್ಳ ಅಣಬೆಯನ್ನು ಕಾಡಿನಿಂದ ತಂದು ತಿನ್ನುವ ಧೈರ್ಯವನ್ನು ಯಾರೂ ಮಾಡಬಾರದು. ಕ್ಯಾನ್‌ಬೆರಾದ ಅಡಿಗೆಯವನಿಗಾದ ಭ್ರಾಂತಿಯು ಇದೇ.

ಬೇರುಳ್ಳ ಬಿಳಿಪುಡಿಯ ಅಣಬೆ. ನೆಲದೊಳಗೆ ಹೂತ ಕಟ್ಟಿಗೆಯ ಮೇಲಿಂದ ಏಳುವ ಒಂದು ಅಣಬೆಗೂ ಉದ್ದವಾದ ಬೇರಿರುತ್ತದೆ. ಕೊಡೆಯು ತೇವದಲ್ಲಿ ಲೋಳೆಯಾಗಿ ಜಾರುತ್ತದೆ, ಪುಡಿಯು ಬಿಳಿದು, ಬೇರಿನ ತುದಿಯಲ್ಲಿ ಸಿಕ್ಕುವುದು ಕಟ್ಟಿಗೆಯೇ ಹೊರತು ಒರಲೆಯ ಗಡ್ಡೆಯಲ್ಲ. ಇದು ವಿಷವಲ್ಲ, ಆದರೆ ಬೇರನ್ನು ಕಂಡೊಡನೆಯೇ ತೃಪ್ತರಾಗದೆ ತುದಿಯವರೆಗೂ ಅಗೆಯಬೇಕೆಂಬ ಪಾಠವನ್ನು ಇದು ಕಲಿಸುತ್ತದೆ.

ಒಣನಾಡಿನ ಹುತ್ತದ ಗದೆಯಣಬೆ. ಬಯಲುನಾಡಿನ ಹುತ್ತಗಳ ಮೇಲೆ ಕೊಡೆಯನ್ನು ಬಿಚ್ಚದೆ, ಮುಚ್ಚಿದ ಛತ್ರಿಯಂತೆ ನಿಲ್ಲುವ ಅಣಬೆಯೊಂದುಂಟು. ಪೊಡಾಕ್ಸಿಸ್ ಎಂದು ಅದರ ಹೆಸರು. ರಾಜಸ್ಥಾನದ ಮರುಭೂಮಿಯಲ್ಲಿ ಎಳೆಯದಾಗಿದ್ದಾಗ ಜನರು ಇದನ್ನು ತಿನ್ನುತ್ತಾರೆ. ಬಲಿತರೆ ಒಳಗೆಲ್ಲವೂ ಕಪ್ಪು ಪುಡಿಯಾಗಿ ನಿಷ್ಪ್ರಯೋಜಕವಾಗುತ್ತದೆ. ಹುತ್ತದ ಮೇಲಿದ್ದರೂ ಇದು ಒರಲೆಗಳು ಸಾಕಿದ ಬೆಳೆಯಲ್ಲ. ಹಾಗೆಯೇ ಒರಲೆಗಳು ಬಿಟ್ಟುಹೋದ ಗೂಡಿನಿಂದ ಕರಿಯ ಬೆರಳುಗಳಂತೆ ಏಳುವ ಗಟ್ಟಿಯಾದ ಬೂಸ್ಟೂ ಬೇರೆಯೇ. ಅದು ಕಂಡಲ್ಲಿ ಆ ಗೂಡು ಸತ್ತಿದೆಯೆಂದು ತಿಳಿಯಬಹುದು.

ನಂಬತಕ್ಕದ್ದಲ್ಲದ ಪರೀಕ್ಷೆಗಳು

ಹಳ್ಳಿಗಳಲ್ಲಿ ಕೆಲವು ಪರೀಕ್ಷೆಗಳು ವಾಡಿಕೆಯಲ್ಲಿವೆ. ಅಣಬೆಯನ್ನು ಬೇಯಿಸುವಾಗ ಬೆಳ್ಳಿಯ ನಾಣ್ಯವನ್ನು ಹಾಕಿದರೆ ವಿಷವಿದ್ದಲ್ಲಿ ಕಪ್ಪಾಗುವುದೆಂದೂ, ಬೆಳ್ಳುಳ್ಳಿ ಅಥವಾ ಅಕ್ಕಿಯ ಬಣ್ಣವು ಕೆಡುವುದೆಂದೂ ಹೇಳುತ್ತಾರೆ. ಹುಳು ತಿಂದ ಅಣಬೆಯು ಮನುಷ್ಯನಿಗೂ ಒಳ್ಳೆಯದೆಂದೂ, ಕೊಡೆಯ ಸಿಪ್ಪೆ ಸುಲಿದು ಬಂದರೆ ನಿರ್ವಿಷವೆಂದೂ, ಬಿಳಿಯ ಅಣಬೆಗಳೆಲ್ಲ ಸಾತ್ವಿಕವೆಂದೂ, ಹುಣಿಸೆ ಅಥವಾ ಮಜ್ಜಿಗೆಯಲ್ಲಿ ನೆನೆಸಿದರೆ ವಿಷ ಹೋಗುವುದೆಂದೂ ನಂಬುವವರಿದ್ದಾರೆ. ಇವುಗಳಲ್ಲಿ ಒಂದೂ ನಿಜವಲ್ಲ. ಅಮಾನಿಟಾದ ವಿಷವು ಬೆಳ್ಳಿಯೊಡನೆ ಯಾವ ಕ್ರಿಯೆಯನ್ನೂ ನಡೆಸುವುದಿಲ್ಲ. ಹುಳುಗಳೂ ಬಸವನಹುಳುಗಳೂ ಅದನ್ನು ತಿಂದು ಸುಖವಾಗಿರುತ್ತವೆ. ಎಷ್ಟು ಹೊತ್ತು ಕುದಿಸಿದರೂ, ಹುರಿದರೂ, ಒಣಗಿಸಿಟ್ಟರೂ ಆ ವಿಷವು ನಾಶವಾಗುವುದಿಲ್ಲ. ಅದನ್ನು ತಿಂದು ಬದುಕಿದವರು ಕೆಲವರು ರುಚಿಯು ಚೆನ್ನಾಗಿತ್ತೆಂದೇ ಹೇಳಿರುವುದರಿಂದ ನಾಲಿಗೆಯೂ ಸಾಕ್ಷಿಯಾಗಲಾರದು. ಇಂಥ ಪರೀಕ್ಷೆಗಳಿಂದ ಹಾನಿಯೇ ಹೆಚ್ಚು. ಯಾಕಂದರೆ ಸಂಶಯದಿಂದ ಕೈಬಿಡಬೇಕಾದವನು ಇವುಗಳಿಂದ ಧೈರ್ಯಗೊಂಡು ಮನೆಮಂದಿಗೆಲ್ಲ ಬಡಿಸುತ್ತಾನೆ.

ಇನ್ನೊಂದು ಮಾತು. ನಿಜವಾದ ಹುತ್ತದ ಅಣಬೆಯೇ ಆದರೂ, ಒರಲೆಯನ್ನು ಕೊಲ್ಲಲು ಔಷಧವನ್ನು ಸುರಿದ ಹುತ್ತದಿಂದಲೂ, ಔಷಧ ಸಿಂಪಡಿಸುವ ತೋಟದೊಳಗಿಂದಲೂ, ಹೆದ್ದಾರಿ ಹಾಗೂ ಕೊಳಚೆಯ ಬದಿಯಿಂದಲೂ ತಂದದ್ದನ್ನು ತಿನ್ನಕೂಡದು. ಅಣಬೆಯು ನೆಲದಲ್ಲಿರುವ ವಿಷವನ್ನು ತನ್ನೊಳಗೆ ಸೆಳೆದುಕೊಳ್ಳುವ ಸ್ವಭಾವದ್ದು.

ವಿಷವೇರಿದಾಗ

ಇಲ್ಲಿ ಗ್ರಾಮದ ಹಿರಿಯರು ಗಡಿಯಾರವನ್ನು ನೋಡುವುದನ್ನು ಕಲಿಯಬೇಕು. ಎರಡು ಮನೆಗಳಲ್ಲಿ ಒಂದೇ ರಾತ್ರಿ ಎಂಟು ಗಂಟೆಗೆ ಅಣಬೆಯ ಸಾರನ್ನು ಉಂಡರೆಂದು ಭಾವಿಸೋಣ. ಮೊದಲನೆಯ ಮನೆಯಲ್ಲಿ ಹತ್ತು ಗಂಟೆಗೇ ವಾಂತಿಯು ಪ್ರಾರಂಭವಾಯಿತು. ಕೂಗಾಟವೆದ್ದು ಓಣಿಯೆಲ್ಲ ಕೂಡಿತು. ಎರಡನೆಯ ಮನೆಯವರು ಸುಖವಾಗಿ ನಿದ್ದೆ ಮಾಡಿ, ಬೆಳಗಿನ ಜಾವದಲ್ಲಿ ಹೊಟ್ಟೆನೋವಿನಿಂದ ಎದ್ದರು. ನೋಡುವವರಿಗೆ ಮೊದಲನೆಯ ಮನೆಯ ಸ್ಥಿತಿಯೇ ಭಯಂಕರವಾಗಿ ತೋರುವುದು; ನಿಜವಾದ ಗಂಡಾಂತರವು ಬಹುಮಟ್ಟಿಗೆ ಎರಡನೆಯ ಮನೆಯಲ್ಲಿದೆ. ಬೇಗ ಕೆರಳುವ ವಿಷವು ಸಾಧಾರಣವಾಗಿ ಹೊಟ್ಟೆಯನ್ನು ಕೆಡಿಸಿ ಹೋಗುತ್ತದೆ. ಆರು ಗಂಟೆಗಳಿಗಿಂತ ತಡವಾಗಿ, ಹನ್ನೆರಡು ಅಥವಾ ಇಪ್ಪತ್ತನಾಲ್ಕು ಗಂಟೆಗಳ ಮೇಲೆ ತೋರುವ ವಿಷವು ಯಕೃತ್ತನ್ನು ಹಿಡಿದಿರಬಹುದು.

ಈ ಎರಡನೆಯ ಬಗೆಯ ವಿಷದಲ್ಲಿ ಮತ್ತೊಂದು ಮೋಸವುಂಟು. ಒಂದು ದಿನ ವಾಂತಿಭೇದಿಗಳಾದ ಬಳಿಕ ರೋಗಿಯು ಚೇತರಿಸಿಕೊಂಡಂತೆ ಕಾಣುತ್ತಾನೆ. ಎದ್ದು ಕೂಡುತ್ತಾನೆ, ಗಂಜಿ ಕುಡಿಯುತ್ತಾನೆ. ಮನೆಯವರು ಗಂಡಾಂತರ ಕಳೆಯಿತೆಂದು ದವಾಖಾನೆಯಿಂದ ಕರೆದುಕೊಂಡು ಬರುತ್ತಾರೆ. ಅಷ್ಟರಲ್ಲಿ ಒಳಗೆ ಯಕೃತ್ತು ಕೊಳೆಯುತ್ತಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ದಿನ ಕಣ್ಣು ಹಳದಿಯಾಗಿ, ಎಚ್ಚರ ತಪ್ಪಿ, ಕೈಮೀರಿ ಹೋಗುತ್ತದೆ. ೨೦೨೨ರ ಏಪ್ರಿಲ್ ತಿಂಗಳಲ್ಲಿ ಅಸ್ಸಾಮಿನ ಮೇಲ್ಸೀಮೆಯಲ್ಲಿ ಕಾಡಣಬೆಯನ್ನು ತಿಂದ ೧೩ ಮಂದಿ ಕೆಲವೇ ದಿನಗಳಲ್ಲಿ ಮರಣ ಹೊಂದಿದರು. ಅವರಲ್ಲಿ ಬಹುಮಂದಿ ಚಹಾತೋಟದ ಕೂಲಿಗಾರರ ಮನೆಯವರು. ಚಿಕ್ಕ ಮಕ್ಕಳೂ ಇದ್ದರು.

ಆದಕಾರಣ ಅಣಬೆಯನ್ನು ಉಂಡ ಬಳಿಕ ಒಬ್ಬರಿಗೆ ಸ್ವಸ್ಥವಿಲ್ಲವೆಂದು ತಿಳಿದ ಕೂಡಲೆ ಹೀಗೆ ಮಾಡತಕ್ಕದ್ದು:

೧. ಬೆಳಗಾಗಲೆಂದು ಕಾಯಬಾರದು. ೧೦೮ಕ್ಕೆ ಕರೆಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ದೊಡ್ಡ ದವಾಖಾನೆಗೆ ಕಳುಹಿಸಬೇಕು.

೨. ಅದೇ ಅಡಿಗೆಯನ್ನು ಉಂಡವರೆಲ್ಲರೂ, ಇನ್ನೂ ಏನೂ ಆಗದವರು ಸಹ, ಜೊತೆಯಲ್ಲಿ ಹೋಗಬೇಕು. ಮೊದಲ ಗಂಟೆಗಳಲ್ಲಿ ಕೊಟ್ಟ ಔಷಧಕ್ಕೆ ಇರುವ ಬಲವು ಆಮೇಲೆ ಇರುವುದಿಲ್ಲ.

೩. ಉಳಿದ ಸಾರು, ಹಸಿಯ ಅಣಬೆ, ಬಿಸಾಡಿದ ಬುಡಗಳನ್ನು ಹುಡುಕಿ ಕಾಗದದಲ್ಲಿ ಸುತ್ತಿ ವೈದ್ಯರ ಕೈಗೆ ಕೊಡಬೇಕು. ಉಂಡ ವೇಳೆಯನ್ನೂ ಮೊದಲ ವಾಂತಿಯ ವೇಳೆಯನ್ನೂ ಬರೆದಿಡಬೇಕು. ವೈದ್ಯರ ನಿರ್ಣಯಕ್ಕೆ ಇದು ಬಹಳ ನೆರವಾಗುವುದು.

೪. ಉಪ್ಪುನೀರು ಕುಡಿಸಿ ವಾಂತಿಮಾಡಿಸುವುದು, ಸೆರೆ ಕುಡಿಸುವುದು, ನಾಟಿ ಮದ್ದಿನಲ್ಲಿ ಹೊತ್ತು ಕಳೆಯುವುದು ಇವನ್ನು ಮಾಡಕೂಡದು.

೫. ರೋಗಿಯು ಗುಣವಾದಂತೆ ತೋರಿದರೂ ರಕ್ತಪರೀಕ್ಷೆಯಿಂದ ಯಕೃತ್ತು ಸರಿಯಾಗಿದೆಯೆಂದು ವೈದ್ಯರು ಹೇಳುವವರೆಗೆ ಮನೆಗೆ ಕರೆತರಬಾರದು.

ಗ್ರಾಮದ ಹಿರಿಯರೂ ಜಮೀನುದಾರರೂ ಮಾಡತಕ್ಕದ್ದು

ಅಣಬೆಯನ್ನು ಆರಿಸುವವರು ಬಹುಮಟ್ಟಿಗೆ ಜಮೀನುದಾರರಲ್ಲ. ಕಳೆ ತೆಗೆಯಲು ಬಂದ ಹೆಂಗಸರು, ದನ ಕಾಯುವ ಹುಡುಗರು, ಪರಸ್ಥಳದಿಂದ ಬಂದ ಕೂಲಿಗಾರರು. ಅವರಲ್ಲಿ ಹಲವರ ಕೈಗೆ ಈ ಪತ್ರಿಕೆಯು ತಲುಪದು. ಆದುದರಿಂದ ಓದಿದವರು ಹೇಳಬೇಕು. ಮಳೆಗಾಲದ ಮೊದಲಿನಲ್ಲಿ ಶಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಜನರನ್ನು ಕೂಡಿಸಿ, ನಿಜವಾದ ಹುತ್ತದ ಅಣಬೆಯೊಂದನ್ನು ಬೇರುಸಹಿತ ಅಗೆದು ತೋರಿಸುವುದು ಹತ್ತು ಉಪನ್ಯಾಸಗಳಿಗೆ ಸಮ. ಅಗೆಯುವಾಗ ಹುತ್ತವನ್ನೇ ಕೆಡವಬೇಕಾದುದಿಲ್ಲ. ಒಂದು ಅಣಬೆಯ ಬದಿಯ ಮಣ್ಣನ್ನು ಬಿಡಿಸಿ ನೋಡಿ, ಮರಳಿ ಮುಚ್ಚಿದರೆ ಸಾಕು. ನಾಗರಪಂಚಮಿಯಂದು ನೆಲವನ್ನು ಅಗೆಯದಿರುವ ವಾಡಿಕೆಯುಳ್ಳವರು ಈ ಕೆಲಸವನ್ನು ಮುಂಚೆ ಅಥವಾ ಆಮೇಲೆ ಇಟ್ಟುಕೊಳ್ಳಬಹುದು.

ಬುಟ್ಟಿಯಲ್ಲಿ ಬೇರೆ ಬೇರೆ ಸ್ಥಳದ ಅಣಬೆಗಳನ್ನು ಬೆರೆಸದಂತೆ ಹೇಳಬೇಕು. ನೂರರಲ್ಲಿ ಒಂದು ಕೆಟ್ಟದಿದ್ದರೂ ಪಾತ್ರೆಯೆಲ್ಲ ಕೆಟ್ಟಂತೆಯೇ. ಪ್ರತಿಯೊಂದನ್ನೂ ಬುಡಸಹಿತ ತರಬೇಕು. ಬುಡವಿಲ್ಲದೆ ಕೊಯ್ದು ತಂದುದನ್ನು ಯಾರೂ ಕೊಳ್ಳಬಾರದು. ಮಕ್ಕಳು ತಂದುದನ್ನು ಹಿರಿಯರು ಒಂದೊಂದಾಗಿ ನೋಡದೆ ಒಲೆಗೆ ಏರಿಸಬಾರದು. ಅಣಬೆಯ ರುಚಿಯನ್ನು ಬಯಸಿ ಗುರುತಿನಲ್ಲಿ ಧೈರ್ಯ ಸಾಲದವರು ಬೆಳೆಸಿದ ಅಣಬೆಯನ್ನು ಆಶ್ರಯಿಸಬಹುದು. ಹಾಲಣಬೆಯು ೩೦ರಿಂದ ೩೫ ಅಂಶಗಳ ಉಷ್ಣದಲ್ಲಿ ಚೆನ್ನಾಗಿ ಬೆಳೆಯುವುದರಿಂದ ಬಿಸಿಲುಸೀಮೆಗೆ ಒಗ್ಗುತ್ತದೆ. ಚಿಪ್ಪಣಬೆಯ ಬೀಜಕ್ಕೆ ಜೋಳದ ಕಣಿಕೆಯ ತುಂಡುಗಳೂ ಹಾಸಿಗೆಯಾಗುತ್ತವೆ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಇದರ ವಿಷಯವಾಗಿ ತಿಳಿವಳಿಕೆಯು ದೊರೆಯುವುದು.

ಹುತ್ತದ ಅಣಬೆಯು ಒರಲೆಯು ಬಿತ್ತಿ ಬೆಳೆದು ಒಕ್ಕಲಿಗನ ಒಡ್ಡಿನ ಮೇಲೆ ಇಟ್ಟುಹೋಗುವ ಬೆಳೆ. ಅದನ್ನು ಬಿಡಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಬೇರಿನ ತುದಿಯನ್ನು ಕಾಣುವವರೆಗೆ ಅಗೆಯುವ ತಾಳ್ಮೆಯಿದ್ದವನು ಅದನ್ನು ಉಣ್ಣಲಿ. ತಾಳ್ಮೆಯಿಲ್ಲದವನು ಅದನ್ನು ಒರಲೆಗೇ ಬಿಡಲಿ. ಒಂದು ಹೊತ್ತಿನ ಸಾರು ತಪ್ಪಿದರೆ ಮುಂದಿನ ಮಳೆಗೆ ಸಿಕ್ಕೀತು. ಮನೆಯೊಳಗಿನ ಒಂದು ಮಗು ಹೋದರೆ ಯಾವ ಮಳೆಗೂ ಮರಳಿ ಬಾರದು.